ಹಳೇ ಒಪ್ಪಂದದ ಅವಧಿ ಇನ್ನೂ ಬಾಕಿ ಇರುವಾಗಲೇ ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗೆ ಹೊಸ ಒಪ್ಪಂದ ಯಾಕೆ ಕೊಡುತ್ತಾರೆ?

ನೀವು ಎರಡು ವಿಷಯ ಕೇಳಿದ್ದೀರಿ. ಕೋಚ್‌ಗೆ ಅಷ್ಟೊಂದು ಸಂಬಳ ಯಾಕೆ, ವರ್ಷಗಟ್ಟಲೆ ಬಾಕಿ ಇರುವ ಒಪ್ಪಂದವನ್ನು ಮತ್ತೆ ಯಾಕೆ ಉದ್ದ ಮಾಡುತ್ತಾರೆ ಅಂತ.

ಸಂಬಳದ ಮಾತು ಸುಲಭ. ಟಿವಿ ಹಕ್ಕು, ಟಿಕೆಟ್, ಹಳೇ ವಿದ್ಯಾರ್ಥಿಗಳ ದೇಣಿಗೆ ಅಂತ ಕೋಟಿಗಟ್ಟಲೆ ಡಾಲರ್ ಬರುತ್ತದೆ. ಕಾಲೇಜುಗಳು ಆಟಗಾರರಿಗೆ ಆದಾಯದಲ್ಲಿ ನೇರವಾಗಿ ಪಾಲು ಕೊಡಲು ಶುರು ಮಾಡಿದ್ದು 2025ರಲ್ಲಿ. ಅಲ್ಲಿಯವರೆಗೆ ದುಡ್ಡು ಇನ್ನೆಲ್ಲಿಗೆ ಹೋಗಬೇಕು, ಕೋಚ್‌ಗೇ ಅಲ್ವಾ?

ಒಪ್ಪಂದ ಉದ್ದ ಮಾಡುವುದಕ್ಕೆ ಕಾರಣ ಭಯ. ಹೈಸ್ಕೂಲ್ ಹುಡುಗನನ್ನು ಸೆಳೆಯುವಾಗ ಎದುರಾಳಿ ಕಾಲೇಜಿನವರು, "ನಿಮ್ಮ ಕೋಚ್‌ಗೆ ಇನ್ನೆರಡೇ ವರ್ಷ, ಆಮೇಲೆ ನಿನ್ನ ಗತಿ?" ಅಂತ ಹೇಳಿದರೆ ಸಾಕು, ಅವನು ಜಾರಿದ. ಇನ್ನೊಂದು, ಬೇರೆ ಕಾಲೇಜು ಕೋಚ್‌ನನ್ನೇ ಎತ್ತಿಕೊಂಡು ಹೋಗಬಹುದು.

ಕೋಚ್ ಜಿಂಬೊ ಫಿಶರ್ ಕತೆ ನೋಡಿ. ನಾನಿರುವುದು ಟೆಕ್ಸಾಸ್‌ನಲ್ಲಿ, ಇದನ್ನು ಕೇಳಿ ಕೇಳಿ ಬಾಯಿಪಾಠವಾಗಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2017ರ ಕೊನೆಯಲ್ಲಿ ಅವರಿಗೆ 10 ವರ್ಷಕ್ಕೆ 7.5 ಕೋಟಿ ಡಾಲರ್ ಕೊಟ್ಟಿತು, ಪೂರ್ತಿ ಗ್ಯಾರಂಟಿ, ಅಂದರೆ ಮಧ್ಯದಲ್ಲಿ ತೆಗೆದರೂ ಕೊಡಲೇಬೇಕು. ಹಾಗೆ ಕರೆತಂದ ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ 2019ರಲ್ಲಿ ಎದುರಾಳಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಹೋದರು. 2020ರಲ್ಲಿ ಫಿಶರ್ ತಂಡ ಹತ್ತರಲ್ಲಿ ಒಂಬತ್ತು ಪಂದ್ಯ ಗೆದ್ದಿತು. ವುಡ್‌ವರ್ಡ್ ಈಗ ಫಿಶರ್‌ರನ್ನು ಎಲ್‌ಎಸ್‌ಯುಗೆ ಕರೆದುಬಿಟ್ಟರೆ? 2021ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವನ್ನು 2031ರವರೆಗೆ ಎಳೆದು, ಸಂಬಳವನ್ನು ವರ್ಷಕ್ಕೆ 90 ಲಕ್ಷ ಡಾಲರ್ ದಾಟಿಸಿದರು. ಮರುವರ್ಷ ತಂಡ 5 ಗೆದ್ದು 7 ಸೋತಿತು.

2023ರ ನವೆಂಬರ್‌ನಲ್ಲಿ ಮಿಸಿಸಿಪಿ ಸ್ಟೇಟ್ ವಿರುದ್ಧ 51-10ರಲ್ಲಿ ಗೆದ್ದ ಮರುದಿನವೇ ಫಿಶರ್‌ರನ್ನು ತೆಗೆದರು. ಬಾಕಿ ಕೊಡಬೇಕಾದದ್ದು ಸುಮಾರು 7.6 ಕೋಟಿ ಡಾಲರ್. ಹಳೇ ಒಪ್ಪಂದವೇ ಇದ್ದಿದ್ದರೆ ಉಳಿದ ನಾಲ್ಕು ವರ್ಷಕ್ಕೆ 3 ಕೋಟಿ ಸಾಕಿತ್ತು. ಸುಮ್ನೆ ಒಂದು ಸಹಿಗೆ ಇಷ್ಟು! ಇನ್ನೂ ತಮಾಷೆ ಏನೆಂದರೆ, ವುಡ್‌ವರ್ಡ್ ಕೊನೆಗೆ ಎಲ್‌ಎಸ್‌ಯುಗೆ ತಂದದ್ದು ಬ್ರಯಾನ್ ಕೆಲ್ಲಿ ಎಂಬ ಕೋಚ್‌ನನ್ನು, 10 ವರ್ಷಕ್ಕೆ 9.5 ಕೋಟಿಗೆ. 2025ರ ಅಕ್ಟೋಬರ್‌ನಲ್ಲಿ ಕೆಲ್ಲಿಯನ್ನು ತೆಗೆದರು, ಕೆಲವೇ ದಿನಗಳಲ್ಲಿ ವುಡ್‌ವರ್ಡ್ ಕೂಡ ಕೆಲಸ ಬಿಟ್ಟು ಹೋದರು.

ಹಾಗಾಗಿ ಇಂಥ ಸುದ್ದಿ ಬಂದಾಗ ನಾನು ಸಂಬಳದ ಸಾಲನ್ನು ಬಿಟ್ಟು 'ಬೈಔಟ್' ಸಾಲನ್ನು ಓದುತ್ತೇನೆ. ಮಧ್ಯದಲ್ಲಿ ತೆಗೆದರೆ ಎಷ್ಟು ಕೊಡಬೇಕು, ಹೊಸ ಕೆಲಸ ಸಿಕ್ಕರೆ ಅದು ಕಡಿಮೆ ಆಗುತ್ತದೆಯಾ ಅಂತ. ಫಿಶರ್‌ಗೆ ಕಡಿಮೆ ಆಗುವ ಷರತ್ತೇ ಇರಲಿಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯ 2025ರಲ್ಲಿ ತೆಗೆದ ಕೋಚ್ ಜೇಮ್ಸ್ ಫ್ರಾಂಕ್ಲಿನ್‌ಗೆ ಬರಬೇಕಿದ್ದದ್ದು ಸುಮಾರು 4.9 ಕೋಟಿ ಡಾಲರ್. ಅವರು ತಿಂಗಳೊಪ್ಪತ್ತಿನಲ್ಲಿ ವರ್ಜೀನಿಯಾ ಟೆಕ್ ಸೇರಿದರು, ಬಾಕಿ 90 ಲಕ್ಷಕ್ಕೆ ಇಳಿಯಿತು.