ನಟ ಬರುವ ಮೊದಲಿನ ನಾಲ್ಕು ಋತುಗಳು

ಮಾನ್ಯರೇ,

ಇಂಗ್ಲೆಂಡಿನ ರಗ್ಬಿ ಲೀಗ್ ಆಟಗಾರ ಸ್ಯಾಮ್ ಬರ್ಗೆಸ್ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಹಾಲಿವುಡ್ ನಟ ರಸೆಲ್ ಕ್ರೋ ಕೈಹಿಡಿಯದೆ ಹೋಗಿದ್ದರೆ ಈ ಆಟಗಾರನ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದಿದ್ದೀರಿ. ರಗ್ಬಿ ಲೀಗ್‌ನಲ್ಲಿ ಚೆಂಡು ಹಿಡಿದು ಎದುರಾಳಿ ಸಾಲಿಗೆ ನುಗ್ಗುವ ಫಾರ್ವರ್ಡ್ ಆಗುವುದಕ್ಕೆ ದೊಡ್ಡ ಮೈಕಟ್ಟು ಬಿಟ್ಟರೆ ಬೇರೇನು ಬೇಕು ಎಂದೂ ಕೇಳಿದ್ದೀರಿ. ಆ ಲೇಖನ 2014ರಲ್ಲಿ ಸಿಡ್ನಿಯಲ್ಲಿ ನಡೆದ ಆಸ್ಟ್ರೇಲಿಯಾದ ರಗ್ಬಿ ಲೀಗ್ ಫೈನಲ್‌ಗೆ ಮೀಸಲಾಗಿತ್ತು. ಬರ್ಗೆಸ್ ಆರಂಭದ ವರ್ಷಗಳನ್ನು ನೋಡಿದರೆ ನಿಮ್ಮ ಎರಡೂ ಮಾತುಗಳನ್ನು ಒಪ್ಪುವುದು ಕಷ್ಟವಾಗುತ್ತದೆ.

ಬರ್ಗೆಸ್ ಹುಟ್ಟಿದ್ದು 1988ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನ ಡ್ಯೂಸ್‌ಬರಿಯಲ್ಲಿ. ಉಣ್ಣೆ ಗಿರಣಿಗಳ ಆ ಊರಿಗೆ ಹಡರ್ಸ್‌ಫೀಲ್ಡ್ ದೂರವಿಲ್ಲ. ಆಟಕ್ಕಾಗಿ ಕೆಲಸ ಬಿಟ್ಟುಬರುವ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಕೂಲಿ ನಷ್ಟವನ್ನು ತುಂಬಿಕೊಡಬೇಕೆಂಬ ಪ್ರಶ್ನೆಯಲ್ಲಿ ಉತ್ತರದ ಕ್ಲಬ್ಬುಗಳು 1895ರಲ್ಲಿ ರಗ್ಬಿ ಯೂನಿಯನ್‌ನಿಂದ ಹೊರನಡೆದು, ಮುಂದೆ ರಗ್ಬಿ ಲೀಗ್ ಎನಿಸಿಕೊಂಡ ತಮ್ಮದೇ ಆಟವನ್ನು ಕಟ್ಟಿಕೊಂಡದ್ದು ಆ ಹಡರ್ಸ್‌ಫೀಲ್ಡ್‌ನಲ್ಲಿಯೇ. ಬರ್ಗೆಸ್ ತಂದೆ ಮಾರ್ಕ್ ಕೂಡ ಹನ್ಸ್‌ಲೆಟ್, ಡ್ಯೂಸ್‌ಬರಿ ತಂಡಗಳಿಗೆ ಆಡಿದವರು. ನಾಲ್ವರು ಗಂಡುಮಕ್ಕಳಿಗೂ ಆಟದ ಹುಚ್ಚು ಹಿಡಿದದ್ದು ಮನೆಯಿಂದಲೇ.

ಇನ್ನು ಮೈಕಟ್ಟಿನ ವಿಚಾರ. ಆರು ಅಡಿ ಐದು ಅಂಗುಲದ ಎತ್ತರ ಬರ್ಗೆಸ್‌ಗೆ ನೆರವಾಯಿತು, ನಿಜ. ಆದರೆ ಫಾರ್ವರ್ಡ್‌ನ ದುಡಿಮೆಯನ್ನು ಒಂದೆರಡು ನಿಮಿಷ ಗಮನವಿಟ್ಟು ನೋಡಿ: ಚೆಂಡನ್ನು ಎದೆಗೆ ಅವಚಿಕೊಂಡು, ಎದುರಿಗೆ ಸಾಲುಗಟ್ಟಿ ಓಡಿಬರುವ ಇಬ್ಬರು ಮೂವರ ಮೇಲೆ ಬೇಕೆಂದೇ ನುಗ್ಗಬೇಕು, ಅವರು ಕೆಡವಿದ ಕೂಡಲೇ ಎದ್ದು, ಚೆಂಡನ್ನು ನೆಲಕ್ಕಿಟ್ಟು, ಅಂಗಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹೀಗೆ ಹಿಡಿದು ಕೆಡವುವುದೇ ಟ್ಯಾಕಲ್; ಆರು ಟ್ಯಾಕಲ್ ಮುಗಿದು ಚೆಂಡು ಎದುರಾಳಿಗೆ ಹೋದರೆ, ಪ್ರತಿ ಟ್ಯಾಕಲ್ ಆದಮೇಲೂ ಹತ್ತು ಮೀಟರ್ ಹಿಂದಕ್ಕೆ ಓಡಿ, ಮತ್ತೆ ಮುಂದೆ ಬಂದು, ತನ್ನಷ್ಟೇ ತೂಕದ ಇನ್ನೊಬ್ಬನನ್ನು ಹಿಡಿದು ಕೆಡವಬೇಕು. ಕಬಡ್ಡಿಯಲ್ಲಿ ರೈಡರ್‌ಗೆ ಸಿಗುವ ಚಪ್ಪಾಳೆ ಕಾಲು ಹಿಡಿದವನಿಗೆ ಅಪರೂಪವಾಗಿ ಸಿಗುವಂತೆ, ಇಲ್ಲಿಯೂ ಈ ದುಡಿಮೆಯ ಬಹುಪಾಲು ಅಂಕಪಟ್ಟಿಗೆ ಬರುವುದೇ ಇಲ್ಲ. ಎಪ್ಪತ್ತನೆಯ ನಿಮಿಷದಲ್ಲಿ, ಉಸಿರು ಕಟ್ಟಿದಾಗಲೂ, ಮೊದಲ ನಿಮಿಷದ ಹಾಗೆಯೇ ಎದ್ದು ಸಾಲಿಗೆ ಮರಳುವ ಅಭ್ಯಾಸ ಬರೀ ದೇಹದಿಂದ ಬರುವುದಿಲ್ಲ.

ಆ ಅಭ್ಯಾಸ ಬರ್ಗೆಸ್‌ಗೆ ಕೂಡಿಬಂದದ್ದು ಬ್ರಾಡ್‌ಫರ್ಡ್ ಬುಲ್ಸ್ ತಂಡದಲ್ಲಿ. 2006ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಆ ತಂಡದ ಪರವಾಗಿ ಇಂಗ್ಲೆಂಡಿನ ರಗ್ಬಿ ಲೀಗ್‌ನ ಅಗ್ರ ಪಂದ್ಯಾವಳಿಯಾದ ಸೂಪರ್ ಲೀಗ್‌ನಲ್ಲಿ ಮೊದಲ ಪಂದ್ಯವಾಡಿದರು. ಆಗ ಅವರ ತಂದೆ ಮೋಟಾರ್ ನ್ಯೂರಾನ್ ಕಾಯಿಲೆಯಿಂದ ನರಳುತ್ತಿದ್ದರು. ಸ್ನಾಯುಗಳ ಬಲವೆಲ್ಲ ಒಂದೊಂದಾಗಿ ಕುಂದಿಹೋಗುವ ಕಾಯಿಲೆ ಅದು. ಮಗ ತಂದೆಯ ಆರೈಕೆಯಲ್ಲಿ ಕೈಜೋಡಿಸುತ್ತಲೇ, ತನ್ನ ದೇಹದ ಬಲವನ್ನೇ ನೆಚ್ಚಿದ ವೃತ್ತಿಯನ್ನು ಕಲಿಯುತ್ತಿದ್ದರು. 2007ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬರ್ಗೆಸ್ ಸೂಪರ್ ಲೀಗ್‌ನ ವರ್ಷದ ಯುವ ಆಟಗಾರರಾದರು. ಈ ಎರಡು ಸಂಗತಿಗಳನ್ನು ಒಂದೇ ವರ್ಷದ ಲೆಕ್ಕದಲ್ಲಿ ಓದುವಾಗ ನನಗೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಆ ಅಕ್ಟೋಬರ್‌ನಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಹುಡುಗ, ಹಡರ್ಸ್‌ಫೀಲ್ಡ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಗ್ರೇಟ್ ಬ್ರಿಟನ್ ಪರವಾಗಿ ಕಣಕ್ಕಿಳಿದರು. ಎದುರಾಳಿ ತಂಡದ ಫುಯಿಫುಯಿ ಮೊಯಿಮೊಯಿ, ನುಗ್ಗಿಬಂದರೆ ತಡೆಯುವುದೇ ಕಷ್ಟವೆಂದು ಹೆಸರಾಗಿದ್ದ ಪ್ರಾಪ್, ಅಂದರೆ ಮುಂಚೂಣಿಯ ಫಾರ್ವರ್ಡ್. ಅವರನ್ನು ಬರ್ಗೆಸ್ ಎದುರಿನಿಂದಲೇ ಹಿಡಿದು ನೆಲಕ್ಕೆ ಕೆಡವಿದ ಆ ಒಂದು ಟ್ಯಾಕಲ್ ಅನ್ನು ಲೀಗ್ ಪ್ರೇಮಿಗಳು ಈಗಲೂ ನೆನೆಯುತ್ತಾರೆ. ಸರಣಿಯನ್ನು ಬ್ರಿಟನ್ 3-0ಯಿಂದ ಗೆದ್ದಿತು.

ಇನ್ನು ರಸೆಲ್ ಕ್ರೋ. 2006ರಲ್ಲಿ ಆಸ್ಟ್ರೇಲಿಯಾದ ಸೌತ್ ಸಿಡ್ನಿ ರ್‍ಯಾಬಿಟೋಸ್ ಕ್ಲಬ್ಬಿನ ಒಡೆತನದಲ್ಲಿ ಪಾಲುದಾರರಾಗಿದ್ದ ಅವರು, 2009ರಲ್ಲಿ ಚಿತ್ರೀಕರಣಕ್ಕೆ ಇಂಗ್ಲೆಂಡಿಗೆ ಬಂದಿದ್ದಾಗ ಬರ್ಗೆಸ್ ಅವರನ್ನು ಕರೆಸಿ ಮಾತನಾಡಿದರು, ಮತ್ತು 2010ರಿಂದ ಬರ್ಗೆಸ್ ಆ ಕೆಂಪು-ಹಸಿರು ಜರ್ಸಿ ತೊಟ್ಟರು. ಕ್ರೋ ಅವರ ಉತ್ಸಾಹವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅವರು ಕರೆಸಿದ್ದು ನಾಲ್ಕು ಋತುಗಳ ಸೂಪರ್ ಲೀಗ್ ಅನುಭವವಿದ್ದ, ರಾಷ್ಟ್ರೀಯ ತಂಡದಲ್ಲಿ ಆಡಿದ್ದ ಆಟಗಾರನನ್ನು. ಮುಂದೆ ಅಣ್ಣ ಲ್ಯೂಕ್ ಮತ್ತು ಅವಳಿ ತಮ್ಮಂದಿರಾದ ಟಾಮ್, ಜಾರ್ಜ್ ಕೂಡ ಅದೇ ಕ್ಲಬ್ಬಿಗೆ ಬಂದರು. 2013ರಲ್ಲಿ ನಾಲ್ವರೂ ಒಂದೇ ಪಂದ್ಯದಲ್ಲಿ ಜೊತೆಯಾಗಿ ಆಡಿದರು. ಹಾಗೆ ನಾಲ್ವರು ಮಕ್ಕಳನ್ನು ಆಟಕ್ಕೆ ಕೊಟ್ಟ ಮನೆಯ ಪಾಲನ್ನು ನಟನೊಬ್ಬನ ಖಾತೆಗೆ ಬರೆಯಲು ನಾನು ಸಿದ್ಧನಿಲ್ಲ.

— ಸಂಪಾದಕ