ಇಷ್ಟದ ಫ್ಯಾಂಟಸಿ ಸರಣಿ ಓದಿ ಮುಗಿಸಿದ ಮೇಲೆ ಮನಸ್ಸು ಯಾಕೆ ಖಾಲಿ ಖಾಲಿ ಅನಿಸುತ್ತೆ?

ಅದು ನಿಜವಾದ ದುಃಖವೇ, ನಾಚಿಕೊಳ್ಳಬೇಡಿ. ಕಟ್ಟುಕಥೆ ಅಂತ ಗೊತ್ತಿದ್ದರೂ, ದಿನಾ ಜೊತೆಗಿದ್ದ ಪಾತ್ರಗಳನ್ನು ಮನಸ್ಸು ಮನೆಯವರಂತೆ ಹಚ್ಚಿಕೊಂಡಿರುತ್ತದೆ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಏಳನೆಯದು 2007ರಲ್ಲಿ. ಒಂದೊಂದೇ ಬಂದ ಹಾಗೆ ಓದಿದವರ ಶಾಲೆಯ ದಿನಗಳೂ ಅದರಲ್ಲಿ ಸೇರಿಹೋಗಿವೆ, ಅಲ್ವಾ?

ಫ್ಯಾಂಟಸಿಯಲ್ಲಿ ಇದು ಇನ್ನೂ ಜಾಸ್ತಿ. ಆ ಲೋಕದ ಊರು, ದಾರಿ, ಮಂತ್ರ, ಕಟ್ಟಳೆ ಎಲ್ಲವನ್ನೂ ನಾವು ತಲೆಯಲ್ಲಿ ಕಟ್ಟಿಕೊಂಡಿರುತ್ತೇವೆ. ಕಥೆ ಮುಗಿದರೂ ಆ ಲೋಕ ತಲೆಯಲ್ಲೇ ಇರುತ್ತದೆ, ಅಲ್ಲಿಗೆ ಹೋಗಲು ಕಾರಣ ಮಾತ್ರ ಇರಲ್ಲ. ನಮ್ಮ ಬೆಳಗಾವಿಯ ಜುಲೈ ಮಳೆ ಗೊತ್ತಲ್ಲ, ಹೊರಗೆ ಕಾಲಿಡೋಕಾಗಲ್ಲ. ಅಂಥ ಒಂದು ಸಂಜೆ ನನ್ನ ಅಕ್ಕನ ಮಗಳು ಒಂದು ಸರಣಿಯ ಕೊನೆಯ ಪುಟ ಓದಿ, ಮತ್ತೆ ಮೊದಲ ಪುಟದ ನಕ್ಷೆ ತೆಗೆದು ಬೆರಳಾಡಿಸುತ್ತಾ ಕೂತಿದ್ದಳು. ತಾಟಿನಲ್ಲಿ ರೊಟ್ಟಿ, ಪಲ್ಯ ಆರಿಹೋದರೂ ಎದ್ದಿರಲಿಲ್ಲ.

ತಕ್ಷಣ ಇನ್ನೊಂದು ದೊಡ್ಡ ಸರಣಿ ಹಿಡಿಯಬೇಡಿ. ಎಷ್ಟೇ ಚೆನ್ನಾಗಿದ್ದರೂ ಸಪ್ಪೆ ಅನಿಸುತ್ತದೆ, ಪಾಪ. ಅದನ್ನೇ ಓದಿದವರು ಸಿಕ್ಕರೆ ಮನಸ್ಸು ತುಂಬ ಮಾತಾಡಿ. ನಾಲ್ಕು ದಿನ ಸಣ್ಣ ಕಥೆ, ಪ್ರಬಂಧ ಓದಿ. ಆಮೇಲೆ ಮೊದಲ ಪುಸ್ತಕ ಮತ್ತೆ ತೆಗೆಯಿರಿ. ಕೊನೆ ಗೊತ್ತಿರೋದರಿಂದ, ಆಗ ಸುಮ್ನೆ ದಾಟಿಹೋದ ಸುಳಿವುಗಳೆಲ್ಲ ಈಗ ಕಣ್ಣಿಗೆ ಬೀಳುತ್ತವೆ.