ಮೊದಲು ಆಯಿಯನ್ನು ಕೇಳಿ
(ಮಹಾರಾಷ್ಟ್ರದ ಜತ್ ತಾಲ್ಲೂಕಿನ ಕನ್ನಡ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ನಮಸ್ಕಾರ. ನಿಮ್ಮ ಪತ್ರ ಕೈಸೇರಿತು. ಅಜ್ಜ ತೀರಿಕೊಂಡ ಸುದ್ದಿ ಓದಿ ಸಂಕಟವಾಯಿತು. ತುಂಬು ಜೀವ ಅನ್ನುವುದು ನಿಜ. ಆದರೂ ಮನೆಯ ಹಿರಿಯರು ಹೋದ ಮೇಲೆ ಕಟ್ಟೆ ಬಿಕೋ ಅನ್ನುತ್ತದೆ, ಅಲ್ವಾ.

ಉಳಿದ ಓದುಗರಿಗಾಗಿ ಪತ್ರದಲ್ಲಿ ಏನಿತ್ತೆಂದು ಹೇಳಿಬಿಡುತ್ತೇನೆ. ನಿಮ್ಮ ಅಜ್ಜ ಸೈನ್ಯದ ಮರಾಠಾ ಪಲ್ಟಣದಿಂದ ಹವಾಲ್ದಾರರಾಗಿ ನಿವೃತ್ತರಾದವರು. 1971ರ ಯುದ್ಧಕ್ಕೆ ಹೋಗಿ ಬಂದವರು. ಮನೆಯಲ್ಲಿ ಯುದ್ಧದ ಮಾತು ಎತ್ತುತ್ತಿರಲಿಲ್ಲ. ಒಂದೇ ಒಂದು ಸಲ ‘ಜಮಾಲ್‌ಪುರ’ ಅಂದಿದ್ದರು, ಅಷ್ಟೇ. ವರ್ಷದ ತಿಥಿಗೆ ಒಂದು ಪುಸ್ತಿಕೆ ತರಬೇಕೆಂದು ಮೊಮ್ಮಕ್ಕಳು ಸೇರಿ ನಿಶ್ಚಯಿಸಿದ್ದೀರಿ. ‘ಯುದ್ಧ ಬಿಟ್ಟರೆ ಬರೆಯಲು ಅಂಥದ್ದೇನಿಲ್ಲ, ಸಾದಾ ಸಂಸಾರಸ್ಥ. ಶೌರ್ಯದ ಮೇಲೆ ನಾಲ್ಕು ಪುಟ ನೀವೇ ಬರೆದುಕೊಡಿ’ ಎಂದು ಕೇಳಿದ್ದೀರಿ.

ಅದನ್ನು ನಾನು ಬರೆದುಕೊಡಲಾರೆ. 50 ವರ್ಷ ಬಾಯಿ ಬಿಡದ ಮನುಷ್ಯನ ಬಾಯಿಗೆ ಈಗ ನಾವು ಮಾತು ತುರುಕಬಾರದು. ಆದರೆ ಜಮಾಲ್‌ಪುರದ ಬಗ್ಗೆ ದಾಖಲೆಯಲ್ಲಿ ಇರುವುದನ್ನು ಹೇಳಬಲ್ಲೆ.

ಅದು ಈಗಿನ ಬಾಂಗ್ಲಾದೇಶದಲ್ಲಿ, ಹಳೆ ಬ್ರಹ್ಮಪುತ್ರ ನದಿಯ ದಂಡೆಯಲ್ಲಿದೆ. ಉತ್ತರದಿಂದ ಢಾಕಾಕ್ಕೆ ಹೋಗುವ ದಾರಿಗೆ ಅದು ಬಾಗಿಲಿನ ಹಾಗಿತ್ತು. ಪಾಕಿಸ್ತಾನದ 31 ಬಲೂಚ್ ಪಲ್ಟಣ ಅಲ್ಲಿ ಬೀಡು ಬಿಟ್ಟಿತ್ತು. ನಮ್ಮವರು ನದಿ ದಾಟಿ ಊರಿನ ಹಿಂದಕ್ಕೆ ಬಂದು ದಾರಿ ಕಟ್ಟಿದರು. ಹಾಗೆ ಬಂದವರಲ್ಲಿ 1ನೇ ಮರಾಠಾ, ಅಂದರೆ ಜಂಗಿ ಪಲ್ಟಣವೂ ಇತ್ತು. ಲೆಫ್ಟಿನೆಂಟ್ ಕರ್ನಲ್ ಕೆ. ಎಸ್. ಬ್ರಾರ್ ಅದರ ಮುಖ್ಯಸ್ಥರು. ಶರಣಾಗಿ ಎಂದು ನಮ್ಮ ಬ್ರಿಗೇಡಿಯರ್ ಕ್ಲೇರ್ ಪತ್ರ ಕಳಿಸಿದರೆ, ಎದುರಾಳಿ ಕರ್ನಲ್ ಉತ್ತರದ ಜೊತೆ ಒಂದು ಗುಂಡನ್ನೂ ಸುತ್ತಿ ಕಳಿಸಿದ. ಡಿಸೆಂಬರ್ 10ರ ರಾತ್ರಿ ಪಾಕಿಸ್ತಾನದವರು ಸುತ್ತುಗಟ್ಟು ಒಡೆದು ಹೊರಬೀಳಲು ನುಗ್ಗಿದರು. ಮರಾಠಾ ಜವಾನರು ಜಾಗ ಬಿಟ್ಟು ಕದಲಲಿಲ್ಲ. ಬೆಳಗಾದಾಗ ಜಮಾಲ್‌ಪುರ ಬಿದ್ದಿತ್ತು. ಐದು ದಿನಕ್ಕೆ, ಡಿಸೆಂಬರ್ 16ರಂದು, ಢಾಕಾದಲ್ಲಿ ಶರಣಾಗತಿಗೆ ಸಹಿ ಬಿತ್ತು.

ಇದು ಪಲ್ಟಣದ ಕಥೆ. ಇದರಲ್ಲಿ ಅಜ್ಜ ಎಲ್ಲಿದ್ದರು ಅನ್ನುವುದನ್ನು ಖಾತ್ರಿ ಮಾಡಿಕೊಂಡೇ ಬರೆಯಿರಿ. ಪೂರ್ವದಲ್ಲಿ ಬೇರೆ ಮರಾಠಾ ಪಲ್ಟಣಗಳೂ ಹೋರಾಡಿದ್ದವು. ಅಜ್ಜನ ಡಿಸ್ಚಾರ್ಜ್ ಬುಕ್, ಅಂದರೆ ನಿವೃತ್ತರಾದಾಗ ಸೈನ್ಯ ಕೊಟ್ಟ ಪುಸ್ತಕ, ಹುಡುಕಿ. ಪಲ್ಟಣದ ನಂಬರು, ಸೇರಿದ ತಾರೀಖು, ಪಡೆದ ಪದಕಗಳ ಪಟ್ಟಿ ಅದರಲ್ಲಿ ಸಿಗುತ್ತವೆ. ಟ್ರಂಕಿನಲ್ಲಿರುವ ಐದು ಮೂಲೆಯ ಕಂಚಿನ ನಕ್ಷತ್ರದ ಮೇಲೆ ‘ಪೂರ್ವಿ’ ಎಂದಿದ್ದರೆ ಪೂರ್ವದ ರಣರಂಗಕ್ಕೆ ಹೋಗಿದ್ದರು ಎಂದೇ ಅರ್ಥ. ದುಂಡನೆಯ ಸಂಗ್ರಾಮ ಪದಕದ ಅಂಚನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಅಕ್ಷರದಲ್ಲಿ ಅವರ ನಂಬರು, ಹೆಸರು ಒತ್ತಿರುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಯವಿಟ್ಟು. ಅಕ್ಷರ ಸವೆದುಹೋಗುತ್ತದೆ. ಹಳೆಯ ಕಾಗದಗಳ ವಿಳಾಸದಲ್ಲಿ 99 ಎಪಿಒ (ಸೈನ್ಯದ ಅಂಚೆ ಕಚೇರಿ) ಎಂದಿದ್ದರೆ ಪೂರ್ವದ ಕಡೆ, 56 ಎಪಿಒ ಎಂದಿದ್ದರೆ ಉತ್ತರ ಮತ್ತು ಪಶ್ಚಿಮದ ಕಡೆ. ಡಿಸ್ಚಾರ್ಜ್ ಬುಕ್ ಕಳೆದಿದ್ದರೆ ಬೆಳಗಾವಿಯ ಮರಾಠಾ ರೆಕಾರ್ಡ್ಸ್ ಕಚೇರಿಗೆ ಆಯಿಯ, ಅಂದರೆ ನಿಮ್ಮ ಅಜ್ಜಿಯ, ಸಹಿ ಹಾಕಿಸಿ ಅರ್ಜಿ ಬರೆಯಿರಿ.

ಆದರೆ ಈ ಕೆಲಸಕ್ಕೆ ಅವಸರವಿಲ್ಲ. ಸೈನ್ಯದ ಕಾಗದ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ನನಗೆ ಅವಸರ ಅನ್ನಿಸಿದ್ದು ನಿಮ್ಮ ಪತ್ರದ ಮೂರನೇ ಪುಟದ ಒಂದು ಸಾಲು ಓದಿದಾಗ. ಅದನ್ನು ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ‘ಅಜ್ಜ ಯುದ್ಧ ಮುಗಿಸಿ ಸೂಟಿ ಮೇಲೆ ಬಂದಾಗ ಆಯಿ ಕಲ್ಲು ಒಡೆಯಲು ಹೋಗಿದ್ದಳಂತೆ.’

ಅಲ್ಲಿ ನಿಲ್ಲಿ. ಅದು 1972ರ ಬರ. ಮಹಾರಾಷ್ಟ್ರದ ಬರಗಾಲದ ಕಾಮಗಾರಿಗಳ ಮೇಲೆ 1973ರ ಬೇಸಿಗೆಯಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ರಸ್ತೆಗೆ ಜಲ್ಲಿ ಒಡೆಯುವುದು, ಕೆರೆಗೆ ಮಣ್ಣು ಹೊರುವುದು. ರೇಶನ್ನಿನಲ್ಲಿ ಕೆಂಪು ಮಿಲೋ ಜೋಳ. ಜತ್ ಸೀಮೆ ಮಳೆ ಬಂದ ವರ್ಷವೇ ಒಣಗಿರುವ ನೆಲ. ಮಳೆ ಬಾರದ ವರ್ಷ ಕೇಳಬೇಕೇ? ದೇಶಕ್ಕಾಗಿ ಗೆದ್ದು ಬಂದ ಜವಾನನ ಹೆಂಡತಿ ಬಿಸಿಲಲ್ಲಿ ಸುತ್ತಿಗೆ ಹಿಡಿದು ಕೂತಿದ್ದಳು. ಅವತ್ತು ಅಜ್ಜ ಏನು ಮಾಡಿದರು? ಸೀದಾ ಕಾಮಗಾರಿ ಜಾಗಕ್ಕೆ ಹೋದರೇ, ಮನೆಯಲ್ಲಿ ಕಾದರೇ? ಸೂಟಿ ಮುಗಿಯುವವರೆಗೆ ತಾವೂ ಕಲ್ಲು ಒಡೆದರೇ? ದನಗಳನ್ನು ಮಾರಿದರೇ? ಇದು ಯಾವ ರೆಕಾರ್ಡ್ ಕಚೇರಿಯಲ್ಲೂ ಇಲ್ಲ. ಆಯಿಗೆ ಗೊತ್ತು. ಆಯಿಗೆ ಈಗ 80 ದಾಟಿದೆ ಎಂದು ನೀವೇ ಬರೆದಿದ್ದೀರಿ.

ಆದ್ದರಿಂದ ಈ ವಾರವೇ ಕೂತುಕೊಳ್ಳಿ. ‘ಅಜ್ಜನ ಬಗ್ಗೆ ಹೇಳು’ ಅಂದರೆ ಅವರು ‘ಏನ್ ಹೇಳೂದಪಾ, ಛಲೋ ಇದ್ರು’ ಅಂದು ಕಣ್ಣೊರೆಸಿಕೊಂಡು ಸುಮ್ಮನಾಗುತ್ತಾರೆ. ಚಿಕ್ಕ ಚಿಕ್ಕ ಪ್ರಶ್ನೆ ಹಾಕಿ. ಮನಿ ಆರ್ಡರ್ ಎಷ್ಟು ಬರುತ್ತಿತ್ತು, ಎಷ್ಟು ದಿನಕ್ಕೊಮ್ಮೆ? ಅದರ ಅಡಿಯ ಚೀಟಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಪೋಸ್ಟ್‌ಮನ್ ಅದನ್ನು ಹರಿದು ಕೈಗೆ ಕೊಡುತ್ತಿದ್ದ. ಆ ಚೀಟಿ ಓದಿ ಹೇಳುತ್ತಿದ್ದವರು ಯಾರು? ಎದುರಿಗೆ ಅತ್ತೆ ಇದ್ದಾಗ ಗಂಡ ಬರೆದಿದ್ದನ್ನು ಪರರ ಬಾಯಿಂದ ಕೇಳುವುದು ಹೇಗಿರುತ್ತಿತ್ತು? ಡಿಸೆಂಬರಿನ ಆ ದಿನಗಳಲ್ಲಿ ರೇಡಿಯೋ ಯಾರ ಮನೆಯಲ್ಲಿತ್ತು? ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತಿದ್ದರೇ? ಚೀಟಿಗಳೇನಾದರೂ ಟ್ರಂಕಿನಲ್ಲಿದ್ದರೆ ತಾರೀಖಿನ ಪ್ರಕಾರ ಜೋಡಿಸಿ ಅವರ ಮುಂದಿಡಿ. ಒಂದೊಂದು ಚೀಟಿಗೂ ಒಂದೊಂದು ಕಥೆ ಹೊರಡುತ್ತದೆ.

‘ಸಾದಾ ಸಂಸಾರಸ್ಥ’ ಅಂದಿರಲ್ಲ, ಆ ಮಾತಿಗೆ ನನ್ನ ತಕರಾರಿದೆ. ನೀವೇ ಕೊಟ್ಟ ವಿವರ ನೋಡಿ. ತಾಯಿ ಬಾಣಂತನಕ್ಕೆ ಹೋದಾಗ ನಿಮ್ಮ ಅಕ್ಕನಿಗೆ ಅಜ್ಜನೇ ಎರಡು ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದರು. ಜಡೆ ಎಷ್ಟು ಬಿಗಿ ಅಂದರೆ ಸಂಜೆವರೆಗೂ ಒಂದು ಕೂದಲು ಅಲುಗುತ್ತಿರಲಿಲ್ಲ. ಟ್ಯಾಂಕರ್ ಬಂದಾಗ ಕೊಡಗಳ ಸಾಲು ನಿಲ್ಲಿಸುತ್ತಿದ್ದರು. ತಮ್ಮ ಮನೆಯ ಕೊಡ ಕೊನೆಗೆ. ಊರಿನ ವಿಧವೆಯರ ಪೆನ್ಶನ್ ಅರ್ಜಿ ಬರೆದುಕೊಡುತ್ತಿದ್ದರು. ಪ್ರತಿ ನವೆಂಬರಿನಲ್ಲಿ ಪೆನ್ಶನ್ನಿಗೆ ಹಯಾತಿ ದಾಖಲೆ (ಬದುಕಿದ್ದೇನೆ ಎಂಬ ಪ್ರಮಾಣಪತ್ರ) ಕೊಡಲು ಇಸ್ತ್ರಿ ಅಂಗಿ ತೊಟ್ಟು, ಆಯಿಯನ್ನೂ ಕರೆದುಕೊಂಡು ಬ್ಯಾಂಕಿಗೆ ಹೋಗುತ್ತಿದ್ದರು. ನಾಳೆ ತಾನಿಲ್ಲದಾಗ ಆಕೆಗೆ ಅಲ್ಲಿನ ಕಿಟಕಿ, ಕಾಗದ ಗೊತ್ತಿರಲಿ ಅಂತ. ಅಷ್ಟು ಮುಂದಾಲೋಚನೆಯಿಂದ ಹೆಂಡತಿಯನ್ನು ನೋಡಿಕೊಂಡ ಮನುಷ್ಯನ ಬಗ್ಗೆ ಬರೆಯಲು ಏನೂ ಇಲ್ಲವೇ? ನನಗಂತೂ ಪುಸ್ತಿಕೆಯ ಜಾಸ್ತಿ ಪುಟ ಇದಕ್ಕೇ ಹೋಗಬೇಕು ಅನ್ನಿಸುತ್ತದೆ. ಜಮಾಲ್‌ಪುರಕ್ಕೆ ಎರಡು ಪುಟ ಸಾಕು.

ಕೊನೆಗೆ ಭಾಷೆಯ ಪ್ರಶ್ನೆ. ಮಕ್ಕಳೆಲ್ಲ ಮರಾಠಿ ಶಾಲೆಯಲ್ಲಿದ್ದಾರೆ, ಮರಾಠಿಯಲ್ಲೇ ಬರೆಯಿರಿ ಎಂದು ನೆಂಟರು ಹೇಳುತ್ತಿದ್ದಾರಂತೆ. ಅಜ್ಜ ಮನೆಗೆ ಕನ್ನಡದಲ್ಲಿ ಕಾಗದ ಬರೆದವರು. ಆಯಿ ಹೇಳುವುದೂ ಕನ್ನಡದಲ್ಲೇ. ಅವರು ಹೇಳಿದ ಹಾಗೇ, ನಿಮ್ಮ ಕಡೆಯ ಮಾತಿನಲ್ಲೇ ಮೊದಲು ಇಳಿಸಿ. ತಿದ್ದಿ ಗ್ರಾಂಥಿಕ ಮಾಡಬೇಡಿ. ಆಮೇಲೆ ಮಕ್ಕಳ ಕೈಯಿಂದಲೇ ಮರಾಠಿಗೆ ಮಾಡಿಸಿ, ಎರಡೂ ಒಟ್ಟಿಗೆ ಅಚ್ಚಾಗಲಿ. ಅವರಿಗೂ ಮುತ್ತಜ್ಜ ಗೊತ್ತಾಗುತ್ತಾರೆ.

ಆಯಿ ಹೇಳಿದ 1972ರ ಭಾಗ ಬರೆದಾದ ಕೂಡಲೇ ನಮಗೆ ಕಳಿಸಿ. ಪುಸ್ತಿಕೆಗೆ ಮುಂಚೆ ಪತ್ರಿಕೆಯಲ್ಲಿ ಹಾಕುತ್ತೇವೆ. ಹೆಸರು ಮಾತ್ರ ಆಯಿಯದ್ದೇ ಇರಲಿ, ಸಂಗ್ರಹ ನಿಮ್ಮದು. ಪದಕಗಳನ್ನು ಅಂಚೆಯಲ್ಲಿ ಕಳಿಸಲೇಬೇಡಿ, ಫೋಟೊ ಸಾಕು. ಆಯಿಗೆ ನನ್ನ ನಮಸ್ಕಾರ ತಿಳಿಸಿ.

ಸಂಪಾದಕ